ಡ್ಯೂಟಿ ಮುಗಿದ ಮೇಲೆ ಆಸ್ಪತ್ರೆಯಿಂದ ಹೊರಗೆ ಬರುವುದನ್ನು ಯಾರಿಂದ ಕಲಿತಿರಿ?

ರಾತ್ರಿಪಾಳಿ

ಆಸ್ಪತ್ರೆಯಲ್ಲಿ ಫಿಸಿಶಿಯನ್ ಆಗಿ ಹದಿನಾಲ್ಕು ವರ್ಷ ಆಯಿತು. "ಸರ್, ನೀವು ಯಾಕೆ ಡಾಕ್ಟರ್ ಆದ್ರಿ?" ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬ ಇಂಟರ್ನ್ ಆದರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಿದ್ದೇನೆ. ಇಲ್ಲಿ ನನ್ನ ಮುಖ ಕಾಣುವುದಿಲ್ಲವಲ್ಲ, ನಿಜ ಬರೆಯುತ್ತೇನೆ.

ಚಿಕ್ಕಂದಿನಲ್ಲಿ ಆಟದ ಸ್ಟೆತಸ್ಕೋಪ್ ನೇತುಹಾಕಿಕೊಂಡು ಓಡಾಡಿದವನಲ್ಲ ನಾನು. ಮನೆಯಲ್ಲಿ ಯಾರೂ ಡಾಕ್ಟರ್ ಇಲ್ಲ. ಅಂಕ ಚೆನ್ನಾಗಿ ಬಂತು, ಎಲ್ಲರೂ ಮೆಡಿಕಲ್ ಅಂದರು, ಸೇರಿದೆ. ಮೊದಲ ವರ್ಷ ಅನಾಟಮಿ ಹಾಲಿನಲ್ಲಿ ಹೆಣ ಕೆಡದಂತೆ ಹಾಕುವ ಫಾರ್ಮಲಿನ್ ಘಾಟಿಗೆ ಕಣ್ಣು ಉರಿಯುತ್ತಿತ್ತು. 206 ಮೂಳೆ, ಒಂದೊಂದು ಮೂಳೆಗೂ ನಾಲ್ಕಾರು ಗುಬುಟು, ಎಲ್ಲದಕ್ಕೂ ಹೆಸರು. ಎರಡು ಸಲ ಗಂಟುಮೂಟೆ ಕಟ್ಟಿದ್ದೆ. ಹೋಗಲಿಲ್ಲ. ಓದಿನ ಮೇಲಿನ ಪ್ರೀತಿಯಿಂದಲ್ಲ, ಮನೆಯಲ್ಲಿ ಏನು ಹೇಳುವುದು ಅಂತ ತೋಚಲಿಲ್ಲ.

ಮನಸ್ಸು ಕೂತದ್ದು ಮೂರನೇ ವರ್ಷ, ವಾರ್ಡಿನಲ್ಲಿ. ವಯಸ್ಸಾದವರೊಬ್ಬರು ದಮ್ಮು ಅಂತ ಅಡ್ಮಿಟ್ ಆಗಿದ್ದರು. ನಾನು ಕೇಸ್ ಬರೆದುಕೊಂಡು ಹೋಗಿ ಮೇಷ್ಟ್ರ ಕೈಗೆ ಕೊಟ್ಟೆ. ಉಸಿರಾಟ ನಿಮಿಷಕ್ಕೆ 20 ಅಂತ ಬರೆದಿದ್ದೆ. "ಎಣಿಸಿದ್ಯಾ?" ಅಂದರು. ಎಣಿಸಿರಲಿಲ್ಲ. ಎಷ್ಟೋ ಜನ ಎಣಿಸುವುದಿಲ್ಲ, ನಮ್ಮ ನಮ್ಮಲ್ಲೇ ಇರಲಿ ಇದು. ನಾಡಿ, ಬಿಪಿ, ಆಕ್ಸಿಜನ್ ಎಲ್ಲವನ್ನೂ ಯಂತ್ರ ಹೇಳಿಬಿಡುತ್ತದೆ. ವಾರ್ಡಿನಲ್ಲಿ ಉಸಿರನ್ನು ಮಾತ್ರ ಪಕ್ಕದಲ್ಲಿ ನಿಂತು ಕಣ್ಣಲ್ಲೇ ನೋಡಬೇಕು. ಅದಕ್ಕೇ ಕೇಸ್ ಶೀಟುಗಳಲ್ಲಿ ಲೋಕದ ರೋಗಿಗಳೆಲ್ಲ 18ಕ್ಕೋ 20ಕ್ಕೋ ಉಸಿರಾಡುತ್ತಿರುತ್ತಾರೆ!

"ಹೋಗು, ಪೂರ್ತಿ ಒಂದು ನಿಮಿಷ ಎಣಿಸ್ಕೊಂಡು ಬಾ. ನೀನು ಎಣಿಸ್ತಿದ್ದೀಯ ಅಂತ ಅವರಿಗೆ ಗೊತ್ತಾಗಬಾರದು." ನಾಡಿ ನೋಡುವವನ ಹಾಗೆ ಅವರ ಮಣಿಕಟ್ಟು ಹಿಡಿದುಕೊಂಡೆ. ಕಣ್ಣು ಎದೆ ಮೇಲಿನ ಹೊದಿಕೆ ಮೇಲೆ. ಹೊದಿಕೆ ಏರಿತು, ಇಳಿಯಿತು. ಹದಿನೈದು ಸೆಕೆಂಡ್ ಆಗುವಷ್ಟರಲ್ಲಿ ನನಗೇ ಗಾಬರಿ. ಕುತ್ತಿಗೆಯ ಎರಡೂ ಬದಿಯ ಸ್ನಾಯು ಪ್ರತಿ ಉಸಿರಿಗೂ ಹಗ್ಗದ ಹಾಗೆ ಎದ್ದು ನಿಲ್ಲುತ್ತಿತ್ತು. ಮಾತಾಡುವಾಗ ಮೂರು ಪದಕ್ಕೊಮ್ಮೆ ನಿಲ್ಲಿಸುತ್ತಿದ್ದರು. ಅರ್ಧ ಗಂಟೆ ಅವರ ಮುಂದೆಯೇ ಕೂತು ಕೇಸ್ ಬರೆದಿದ್ದೆ, ಇದೊಂದೂ ಕಂಡಿರಲಿಲ್ಲ. ಎಣಿಕೆ 34ಕ್ಕೆ ನಿಂತಿತು. ಸುಮ್ಮನೆ ಮಲಗಿರುವ ದೊಡ್ಡವರಿಗೆ 12ರಿಂದ 20 ಸರಿಯಾದ ಲೆಕ್ಕ. ಅವರನ್ನು ಅದೇ ಮಧ್ಯಾಹ್ನ ಐಸಿಯುಗೆ ಕಳಿಸಿದರು. ಈ ಕೆಲಸ ನನಗೆ ಇಷ್ಟವಾದದ್ದು ಆವತ್ತು.

ಒಳಗೆ ಹೋಗುವುದನ್ನು ಹೀಗೆ ಕೈ ಹಿಡಿದು ಕಲಿಸಿದವರು ಸಿಕ್ಕರು. ಹೊರಗೆ ಬರುವುದನ್ನು? ಡ್ಯೂಟಿ ಮುಗಿದ ಮೇಲೆ ವಾರ್ಡನ್ನು ವಾರ್ಡಿನಲ್ಲೇ ಬಿಟ್ಟು ಮನೆಗೆ ಹೋಗುವುದನ್ನು ನನಗೆ ಯಾರೂ ಕಲಿಸಲಿಲ್ಲ. ನಿಮಗೆ?

ಹೊಸ ಇಂಟರ್ನ್

ಸರ್, ನಾನು ಇಂಟರ್ನ್ ಆಗಿ ಎರಡು ತಿಂಗಳು. ಹೊರಗೆ ಬಂದ ಮೇಲೆ ನಿದ್ದೆ ಮಾಡ್ತೀನಿ, ಅಷ್ಟೇ ಗೊತ್ತು. ಮುಂಚೆ ಚಿತ್ರ ಬಿಡಿಸುತ್ತಿದ್ದೆ. ಹೊಸ ಸ್ಕೆಚ್ ಪುಸ್ತಕದಲ್ಲಿ ಈಗ ಇರುವುದು ಒಂದೇ ಚಿತ್ರ, ಕ್ಯಾನುಲಾ (ಡ್ರಿಪ್ ಕೊಡುವ ಸಣ್ಣ ಕೊಳವೆ) ಹಾಕಿದ ಕೈ. ಅದೂ ಅರ್ಧಕ್ಕೆ ನಿಂತಿದೆ.

ಇನ್ನೊಂದು. ಸಂಜೆ ಹೊರಡುವಾಗ ಏನೋ ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತದೆ. ಸೀನಿಯರ್ಸ್ ಇನ್ನೂ ಇರುತ್ತಾರೆ. ಬ್ಯಾಗ್ ಬೆನ್ನ ಹಿಂದೆ ಇಟ್ಟುಕೊಂಡು ಕಳ್ಳಿಯ ಹಾಗೆ ಜಾರಿಕೊಳ್ಳುತ್ತೇನೆ.

ಕತ್ತರಿ

ಸರ್ಜರಿಯಲ್ಲಿ ಇಪ್ಪತ್ತಾರು ವರ್ಷ. ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ, ಇರಲಿ.

ಕಲಿಯುವ ಡಾಕ್ಟರಿಗೆ 'ರೆಸಿಡೆಂಟ್' ಅನ್ನುವ ಪದ ಎಲ್ಲಿಂದ ಬಂತು ಯೋಚಿಸಿ. ಅಲ್ಲೇ ವಾಸ ಇರುವವನು ಅಂತ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ ಶುರುವಾಯಿತು. ಅಲ್ಲಿನ ಹಿರಿಯ ಡಾಕ್ಟರುಗಳಾದ ಆಸ್ಲರ್, ಹಾಲ್‌ಸ್ಟೆಡ್ ಕಟ್ಟಿದ ಪದ್ಧತಿ ಅದು. ಕಲಿಯುವವರು ಆಸ್ಪತ್ರೆಯಲ್ಲೇ ಉಳಿಯುತ್ತಿದ್ದರು. ರೋಗಿಯ ಕಾಯಿಲೆ ಶುರುವಿನಿಂದ ಕೊನೆಯವರೆಗೆ ಒಬ್ಬರ ಕಣ್ಣೆದುರೇ ನಡೆಯಬೇಕು. ನೀವು ಬೆಳಿಗ್ಗೆ ಕೊಯ್ದ ಹೊಟ್ಟೆ ರಾತ್ರಿ ಹೇಗೆ ಉಬ್ಬುತ್ತದೆ ಅಂತ ನೀವೇ ನೋಡದಿದ್ದರೆ ಕಲಿಯುವುದು ಏನನ್ನು?

ಹೊರಗಿನ ಬದುಕು ಬೇಡ ಅನ್ನುತ್ತಿಲ್ಲ. ಬೇಕಾದವರು ಹೊತ್ತು ಮಾಡಿಕೊಳ್ಳುತ್ತಾರೆ. ರೋಜರ್ ಬ್ಯಾನಿಸ್ಟರ್ 1954ರ ಮೇ 6ರಂದು ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದರು. ನಾಲ್ಕು ನಿಮಿಷದ ಒಳಗೆ ಓಡಿದ ಮೊದಲ ಮನುಷ್ಯ. ಆಗ ಅವರು ಮೆಡಿಕಲ್ ಓದುತ್ತಿದ್ದರು. ಆವತ್ತು ಬೆಳಿಗ್ಗೆಯೂ ಲಂಡನ್ನಿನ ಆಸ್ಪತ್ರೆಗೆ ಹೋಗಿ ಆಮೇಲೆ ಆಕ್ಸ್‌ಫರ್ಡಿಗೆ ರೈಲು ಹತ್ತಿದರು. ಅಭ್ಯಾಸವೆಲ್ಲ ಹೆಚ್ಚಾಗಿ ಮಧ್ಯಾಹ್ನದ ಬಿಡುವಿನಲ್ಲಿ. ನಿಮಗೆ ಹೊತ್ತಿಲ್ಲವಾ?

ವಾರ್ಡ್ ಸಿಸ್ಟರ್

ಕತ್ತರಿ ಡಾಕ್ಟ್ರೇ, ಬ್ಯಾನಿಸ್ಟರ್ ಅವರಿಗೆ ಆಗ ಮದುವೆ ಆಗಿರಲಿಲ್ಲ. 1955ರಲ್ಲಿ ಆದದ್ದು. ಮತ್ತೆ ಆ 1954ರಲ್ಲೇ ಓಟ ಬಿಟ್ಟು ಪೂರ್ತಿಯಾಗಿ ಡಾಕ್ಟರಿಕೆಗೆ ಬಂದರು, ಆಮೇಲೆ ನರರೋಗ ತಜ್ಞರಾದರು. ಎರಡನ್ನೂ ಎಳೆದುಕೊಂಡು ಹೋಗಲು ಅವರಿಗೂ ಆಗಲಿಲ್ಲ ಅಲ್ವಾ? ನನ್ನ ಮಗ ಓಟಗಾರ, ಅದಕ್ಕೇ ಗೊತ್ತು.

ರಾತ್ರಿಪಾಳಿ ಡಾಕ್ಟ್ರೇ, ನಿಮ್ಮ ಉಸಿರಿನ ಕತೆ ಓದಿ ಖುಷಿ ಆಯಿತು. ಬ್ರಿಟನ್ನಿನ ವೈದ್ಯರ ಕಾಲೇಜು 2012ರಲ್ಲಿ ಒಂದು ಅಂಕದ ಪಟ್ಟಿ ತಂತು. ರೋಗಿ ಕೆಡುತ್ತಿರುವುದನ್ನು ಬೇಗ ಹಿಡಿಯಲಿಕ್ಕೆ. ಅದರಲ್ಲಿ ಉಸಿರು 25 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಂದೇಟಿಗೆ 3 ಅಂಕ, ಆ ಸಾಲಿಗೆ ಕೊಡುವ ಅತಿ ಹೆಚ್ಚಿನದು ಅದೇ. ನಾವು ಎಣಿಸಿ 26 ಅಂತ ಬರೆದಿರುತ್ತೇವೆ. ರೌಂಡ್ಸಿಗೆ ಬಂದವರು ಅದರ ಕೆಳಗೇ 18 ಅಂತ ಬರೆದು ಹೋಗುತ್ತಾರೆ. ಎಷ್ಟು ಸಲ ನೋಡಿಲ್ಲ!

ಇಂಟರ್ನಮ್ಮಾ, ನೀನು ಕಳ್ಳಿ ಅಲ್ಲ ಕಣೇ. ಪಾಳಿ ಮುಗಿದರೆ ನಾವು ಹೋಗುತ್ತೇವೆ. ಆದರೆ ಸುಮ್ನೆ ಹೋಗುವುದಿಲ್ಲ. ಬರುವವರನ್ನು ಕರೆದುಕೊಂಡು ಮಂಚದಿಂದ ಮಂಚಕ್ಕೆ ನಡೆದು, ಇವರಿಗೆ ಇದು, ಅವರಿಗೆ ಅದು ಅಂತ ಒಪ್ಪಿಸಿ ಹೋಗುತ್ತೇವೆ. ಅದಾದ ಮೇಲೆ ವಾರ್ಡು ಅವರದ್ದು. ನೀನು ಒಪ್ಪಿಸಿ ಹೋಗ್ತೀಯಾ, ಬಿಟ್ಟು ಹೋಗ್ತೀಯಾ? ಅದೊಂದೇ ನನ್ನ ಪ್ರಶ್ನೆ.

ರಾತ್ರಿಪಾಳಿ

ಸಿಸ್ಟರ್, ನಾನು ಕೇಳಬೇಕಾಗಿದ್ದ ಪ್ರಶ್ನೆ ನೀವೇ ಕೇಳಿದಿರಿ. ನಾನೊಂದು ಸಲ ಬಿಟ್ಟು ಹೋಗಿದ್ದೆ. ಹೇಳಿಬಿಡುತ್ತೇನೆ.

ಪಿಜಿ ಎರಡನೇ ವರ್ಷ. ಕಿಡ್ನಿ ತೊಂದರೆ ಇದ್ದ ರೋಗಿ. ಸಂಜೆ ಪೊಟ್ಯಾಸಿಯಂ ಪರೀಕ್ಷೆಗೆ ರಕ್ತ ಕಳಿಸಿದ್ದೆ. ಆವತ್ತು ಮೂವತ್ತು ಗಂಟೆಯಿಂದ ಎದ್ದಿದ್ದೆ. ರಾತ್ರಿ ಡ್ಯೂಟಿಯವನು ಬಂದ. ಕಾರಿಡಾರಿನಲ್ಲೇ ನಿಂತು "ಎಲ್ಲಾ ಸ್ಟೇಬಲ್, ಆರನೇ ಬೆಡ್‌ದು ರಿಪೋರ್ಟ್ ನೋಡು" ಅಂದೆ. ಅವನು ಹೂಂ ಅಂದ. ಯಾವ ರಿಪೋರ್ಟ್ ಅಂತ ನಾನು ಹೇಳಲಿಲ್ಲ, ಅವನು ಕೇಳಲಿಲ್ಲ. ಬೆಳಗ್ಗಿನ ಎಕ್ಸ್‌ರೇ ರಿಪೋರ್ಟ್ ಅಂದುಕೊಂಡು ನೋಡಿ, ಸರಿ ಇದೆ ಅಂತ ಸುಮ್ಮನಾದ. ಪೊಟ್ಯಾಸಿಯಂ 6.8 ಬಂದಿತ್ತು. 5 ದಾಟಬಾರದು ಅದು. ಲ್ಯಾಬಿನಿಂದ ಬಂದ ಚೀಟಿ ಟೇಬಲ್ ಮೇಲೆ ಬೇರೆ ಕಾಗದಗಳ ಕೆಳಗೆ ಸೇರಿಹೋಗಿತ್ತು. ಮೂರು ಗಂಟೆಗೆ ಮಾನಿಟರಿನಲ್ಲಿ ಹೃದಯದ ಗೆರೆ ಅಗಲವಾಗುತ್ತಿದೆ ಅಂತ ನೋಡಿದ್ದು ಒಬ್ಬ ಸಿಸ್ಟರ್. ಇಸಿಜಿ ತೆಗೆದರು. ಹೃದಯ ಕಾಯಲಿಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್, ಆಮೇಲೆ ಪೊಟ್ಯಾಸಿಯಂ ಇಳಿಸಲಿಕ್ಕೆ ಇನ್ಸುಲಿನ್ ಜೊತೆ ಗ್ಲುಕೋಸ್, ಬೆಳಿಗ್ಗೆ ಡಯಾಲಿಸಿಸ್. ಬದುಕಿಕೊಂಡರು. ಎಂಟು ದಿನಕ್ಕೆ ಡಿಸ್ಚಾರ್ಜ್. ಹೋಗುವಾಗ ನನಗೇ ಕೈ ಮುಗಿದರು. ನಡೆದದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಆಮೇಲೆ ನಾನು ಸರಿ ಹೋದೆ ಅಂದುಕೊಂಡಿರಾ? ಉಲ್ಟಾ ಹೊಡೆದೆ. ಮನೆಗೆ ಹೋಗುವುದೇ ಬಿಟ್ಟೆ. ಹೋದರೂ ಗಂಟೆಗೊಂದು ಫೋನ್. "ಸೋಡಿಯಂ ಬಂತಾ? ಮೂತ್ರ ಎಷ್ಟಾಯ್ತು?" ಊಟದ ಮಧ್ಯೆ, ಮದುವೆ ಮನೆಯಲ್ಲಿ, ಒಂದು ಸಲ ಮಗಳ ಶಾಲೆಯ ನಾಟಕದ ಮಧ್ಯೆ. ಅವಳು ಅದರಲ್ಲಿ ಮರದ ಪಾತ್ರ. ಒಂದೇ ಒಂದು ಮಾತಿತ್ತು. ನಾನು ಹೊರಗೆ ಫೋನಿನಲ್ಲಿದ್ದೆ.

ವಾರ್ಡ್ ಸಿಸ್ಟರ್

ಆ ಫೋನ್ ಎತ್ತುವುದು ನಾವು. ಹೇಳುತ್ತೇನೆ ಕೇಳಿ, ಅದು ಕಾಳಜಿ ಅನ್ನಿಸುವುದಿಲ್ಲ ನಮಗೆ. ನಮ್ಮ ಮೇಲೆ ನಂಬಿಕೆ ಇಲ್ಲ ಅನ್ನಿಸುತ್ತದೆ. ನಿಮ್ಮ ಜಾಗದಲ್ಲಿ ಇರುವ ಡಾಕ್ಟರಿಗೂ ಅಷ್ಟೇ. ನೀವು ಫೋನಿನಲ್ಲೇ ಒಂದು ಔಷಧಿ ಹೇಳಿರುತ್ತೀರಿ, ಅವರು ಇಲ್ಲಿ ಇನ್ನೊಂದು ಬರೆದಿರುತ್ತಾರೆ. ಮಧ್ಯೆ ನಾವು.

ಅರಿವಳಿಕೆ

ಅನಸ್ತೇಶಿಯಾದವಳು. ನಮ್ಮ ವಿಭಾಗದ ಬಗ್ಗೆ ಗೊತ್ತಲ್ಲ, ರೋಗಿ ನಿದ್ದೆ ಮಾಡುತ್ತಾರೆ, ನಮಗೆ ನಿದ್ದೆ ಇಲ್ಲ.

ಕತ್ತರಿ ಸರ್, ಹಾಲ್‌ಸ್ಟೆಡ್ ಹೆಸರು ಹೇಳುವಾಗ ಪೂರ್ತಿ ಹೇಳಬೇಕಲ್ಲ. 1884-85ರಲ್ಲಿ ಕೊಕೇನ್‌ನಿಂದ ನರ ಮರಗಟ್ಟಿಸುವ ಪ್ರಯೋಗವನ್ನು ತಮ್ಮ ಮೇಲೇ ಮಾಡಿಕೊಂಡು ಅದರ ಚಟಕ್ಕೆ ಬಿದ್ದರು. ಆಮೇಲೆ ಮಾರ್ಫಿನ್. ದೊಡ್ಡ ಸರ್ಜನ್, ಅನುಮಾನವಿಲ್ಲ. ಆದರೆ ಹೇಗೆ ಬದುಕಬೇಕು ಅನ್ನುವುದಕ್ಕೆ ಮಾದರಿ ಅಂತ ಅವರನ್ನು ತೋರಿಸಬೇಡಿ.

ನಿದ್ದೆಯ ಲೆಕ್ಕ ನೋಡಿ. 1997ರಲ್ಲಿ ಡಾಸನ್ ಮತ್ತು ರೀಡ್ ಅನ್ನುವವರು ಪರೀಕ್ಷೆ ಮಾಡಿದರು. 17 ಗಂಟೆ ಎದ್ದಿದ್ದವರ ಕೈ-ಕಣ್ಣಿನ ಹಿಡಿತ ರಕ್ತದಲ್ಲಿ 0.05% ಮದ್ಯ ಇದ್ದವರಷ್ಟೇ ಕೆಟ್ಟಿತ್ತು. 24 ಗಂಟೆಗೆ ಹೆಚ್ಚುಕಡಿಮೆ 0.10%. ಆ ಮಟ್ಟದಲ್ಲಿ ಗಾಡಿ ಓಡಿಸಿದರೆ ಎಷ್ಟೋ ದೇಶಗಳಲ್ಲಿ ಹಿಡಿಯುತ್ತಾರೆ. ರೋಗಿಯ ದೊಡ್ಡ ರಕ್ತನಾಳಕ್ಕೆ ಕೊಳವೆ (ಸೆಂಟ್ರಲ್ ಲೈನ್) ಹಾಕಿದರೆ ಭೇಷ್ ಅನ್ನುತ್ತಾರೆ. 2004ರಲ್ಲಿ ಐಸಿಯು ಇಂಟರ್ನ್‌ಗಳ ಮೇಲೆ ನಡೆದ ಅಧ್ಯಯನದಲ್ಲಿ, ಹಳೆಯ ಉದ್ದದ ಪಾಳಿಯಲ್ಲಿ ಗಂಭೀರ ತಪ್ಪುಗಳು ಚಿಕ್ಕ ಪಾಳಿಗಿಂತ 36% ಜಾಸ್ತಿ ಇದ್ದವು.

ರಾತ್ರಿಪಾಳಿಯವರು ಮೂವತ್ತು ಗಂಟೆ ಎದ್ದಿದ್ದೆ ಅಂತ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದರು. ನನಗೆ ಆ ಕತೆಯ ಮುಖ್ಯ ವಾಕ್ಯವೇ ಅದು.

ಕತ್ತರಿ

ಮೇಡಂ, ಅಂಕಿ ನನಗೂ ಗೊತ್ತು. ಅಮೆರಿಕದಲ್ಲಿ 2003ರಲ್ಲಿ ರೆಸಿಡೆಂಟ್‌ಗಳಿಗೆ ವಾರಕ್ಕೆ 80 ಗಂಟೆ ಅಂತ ಮಿತಿ ತಂದರು. 2011ರಲ್ಲಿ ಮೊದಲ ವರ್ಷದವರಿಗೆ ಒಟ್ಟಿಗೆ 16 ಗಂಟೆಗಿಂತ ಜಾಸ್ತಿ ಬೇಡ ಅಂದರು. ರೋಗಿಗಳಿಗೆ ಒಳ್ಳೆಯದಾಗುತ್ತದೆ ಅಂದುಕೊಂಡದ್ದು. ಸರ್ಜರಿಯಲ್ಲಿ ದೊಡ್ಡ ಹೋಲಿಕೆ ಅಧ್ಯಯನ ಮಾಡಿ 2016ರಲ್ಲಿ ನೋಡಿದರೆ, ಮಿತಿ ಸಡಿಲ ಇದ್ದ ಕಡೆ ರೋಗಿಗಳಿಗೆ ಹೆಚ್ಚು ತೊಂದರೆ ಏನೂ ಆಗಿರಲಿಲ್ಲ. 2017ರಲ್ಲಿ ಆ 16 ಗಂಟೆ ಮಿತಿ ತೆಗೆದು ಮತ್ತೆ 24 ಮಾಡಿದರು. ಯಾಕೆ ಗೊತ್ತಾ? ಪಾಳಿ ಚಿಕ್ಕದಾದಷ್ಟೂ ಕೈ ಬದಲಾಗುವುದು ಜಾಸ್ತಿ. ಕೈ ಬದಲಾದಾಗಲೇ ಮಾತು ಸೋರುವುದು. ರಾತ್ರಿಪಾಳಿಯವರ ಪೊಟ್ಯಾಸಿಯಂ ಸೋರಿದ್ದೂ ಅಲ್ಲೇ.

ಅರಿವಳಿಕೆ

ಹಾಗಿದ್ದರೆ ಸೋರುವ ಕಡೆ ಮುಚ್ಚಬೇಕು ಸರ್. ಮನುಷ್ಯರನ್ನೇ ಒಳಗೆ ಕೂಡಿಹಾಕುವುದಲ್ಲ.

ಮುಚ್ಚಿದವರೂ ಇದ್ದಾರೆ. ಪಾಳಿ ಬದಲಾಗುವಾಗ ರೋಗಿಗಳನ್ನು ಒಪ್ಪಿಸಲಿಕ್ಕೆ ಐ-ಪಾಸ್ ಅಂತ ಒಂದು ಕ್ರಮ. ಒಂಬತ್ತು ಆಸ್ಪತ್ರೆಗಳಲ್ಲಿ ನೋಡಿ 2014ರಲ್ಲಿ ಪ್ರಕಟಿಸಿದರು. ಹೊರಡುವ ಡಾಕ್ಟರ್ ಒಂದೊಂದು ರೋಗಿಗೂ ಐದು ವಿಷಯ ಮುಗಿಸಬೇಕು. ಎಷ್ಟು ಸೀರಿಯಸ್, ಏನು ಕತೆ, ಇನ್ನು ಮಾಡಬೇಕಾದ್ದು ಏನು, ಹೀಗಾದರೆ ಏನು ಮಾಡಬೇಕು. ಐದನೆಯದೇ ಮಜಾ. ಕೇಳಿಸಿಕೊಂಡವರು ಅದನ್ನು ತಮ್ಮ ಬಾಯಲ್ಲಿ ವಾಪಸ್ ಹೇಳಬೇಕು. ಹೂಂ ಅಂದರೆ ನಡೆಯುವುದಿಲ್ಲ. ಅಲ್ಲಿ ತಪ್ಪುಗಳು 23% ಇಳಿದವು. "ಆರನೇ ಬೆಡ್ ಎಕ್ಸ್‌ರೇ ನೋಡ್ತೀನಿ" ಅಂತ ಆ ರಾತ್ರಿಯವನು ವಾಪಸ್ ಹೇಳಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಡಾಕ್ಟರ ಮನೆಯವರು

ನಾನು ಡಾಕ್ಟರ್ ಅಲ್ಲ. ನಮ್ಮವರು ಮಕ್ಕಳ ಡಾಕ್ಟರು. ನಿಮ್ಮ ಅಂಕಿಗಳ ಮಧ್ಯೆ ಒಂದು ಮಾತು.

ತಡವಾಗಿ ಬರುತ್ತಾರೆ ಅನ್ನುವುದು ನನ್ನ ದೂರಲ್ಲ. ಅದಕ್ಕೆ ಒಗ್ಗಿದ್ದೇನೆ. ಬಂದ ಮೇಲೂ ಬಂದಿರುವುದಿಲ್ಲ, ಅದು ದೂರು. ತಟ್ಟೆ ಮುಂದೆ ಕೂತಿರುತ್ತಾರೆ, ಗೋಡೆ ನೋಡುತ್ತಿರುತ್ತಾರೆ. ಮತ್ತೆ ನಮಗೆ ಜ್ವರ ಬಂದರೆ ಅವರ ಹತ್ತಿರ ಎರಡೇ ರೋಗ ಇರುವುದು. ಒಂದು ಏನೂ ಇಲ್ಲ. ಇನ್ನೊಂದು ನೂರರಲ್ಲಿ ಒಬ್ಬರಿಗೆ ಬರುವ ಭಯಂಕರ ಕಾಯಿಲೆ. ಮಧ್ಯದ್ದು ಯಾವುದೂ ನಮ್ಮ ಮನೆಗೆ ಬರುವುದಿಲ್ಲ. ಆಸ್ಪತ್ರೆಯಲ್ಲಿ ಬೇರೆಯವರ ಮಗುವಿಗೆ ಹತ್ತು ಪ್ರಶ್ನೆ ಕೇಳುತ್ತಾರಂತೆ. ನನಗೆ ಕೇಳಿದ್ದು "ಪ್ಯಾರಾಸಿಟಮಾಲ್ ತಗೊಂಡ್ಯಾ?"

ದಿನಾ ಕಾರು ನಿಲ್ಲಿಸಿ ಹತ್ತು ನಿಮಿಷ ಒಳಗೇ ಕೂತಿರುತ್ತಾರೆ. ಮೊದಲು ಕಿಟಕಿಯಿಂದ ನೋಡಿ ಸಿಟ್ಟು ಬರುತ್ತಿತ್ತು. ಮನೆ ಬಾಗಿಲಿಗೆ ಬಂದೂ ಒಳಗೆ ಬರಲು ಇಷ್ಟವಿಲ್ಲವಾ ಅಂತ. ಒಂದು ದಿನ ಕೇಳಿದೆ. "ಇವತ್ತು ನೋಡಿದ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಇಳಿಸ್ತಾ ಇರ್ತೀನಿ" ಅಂದರು. ಆಮೇಲೆ ಕಿಟಕಿ ಹತ್ತಿರ ಹೋಗುವುದು ಬಿಟ್ಟೆ. ಆ ಹತ್ತು ನಿಮಿಷ ಇದ್ದ ದಿನ ಊಟಕ್ಕೆ ಜೊತೆ ಸಿಗುತ್ತಾರೆ.

ಮೈಕ್ರೋಸ್ಕೋಪು

ಮೆಡಿಸಿನ್ ಪಿಜಿ ಒಂದು ವರ್ಷ ಮಾಡಿ ಬಿಟ್ಟು ಪೆಥಾಲಜಿಗೆ ಹೋದವಳು ನಾನು. "ಓಡಿಹೋದಳು" ಅಂದರು. ಹೌದು, ಓಡಿದೆ. ಈಗ ಬಯಾಪ್ಸಿ ಸ್ಲೈಡ್ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಹೇಳುತ್ತೇನೆ. ಸರ್ಜನ್‌ಗಳು ನನ್ನ ಫೋನಿಗೆ ಕಾಯುತ್ತಾರೆ, ಕತ್ತರಿ ಸರ್ ಸಹಿತ. ರಾತ್ರಿ ನಿದ್ದೆ ಮಾಡುತ್ತೇನೆ.

ಹೊರಗಿನವರಿಗೆ ಡಾಕ್ಟರ್ ಅಂದರೆ ಸ್ಟೆತಸ್ಕೋಪ್ ಮಾತ್ರ. ಹಾಗಾಗಿ ಓದುವ ಮಕ್ಕಳಿಗೂ ದಾರಿ ಒಂದೇ ಅನ್ನಿಸಿಬಿಡುತ್ತದೆ. ಇಂಟರ್ನ್ ಆಗುವುದೂ ಸೇರಿ ಐದಾರು ವರ್ಷ ಓದಿ, ಆಮೇಲೆ ಮೂರರಿಂದ ಆರೇಳು ವರ್ಷ ಒಂದು ವಿಭಾಗ. ಆ ವಿಭಾಗ ಆರಿಸುವಾಗ ಮಾರ್ಕ್ಸ್ ನೋಡುತ್ತಾರೆ, ಹೆಸರು ನೋಡುತ್ತಾರೆ. ತಮ್ಮ ಮೈ ಎಂಥದ್ದು ಅಂತ ನೋಡಿಕೊಳ್ಳುವವರು ಕಡಿಮೆ. ರಾತ್ರಿ ಎದ್ದರೆ ನನಗೆ ಮಾರನೇ ದಿನ ಕೈ ನಡುಗುತ್ತದೆ. ಅದು ಸೋಲಲ್ಲ, ನನ್ನ ಮೈ ಹಾಗಿದೆ.

ಅರಿವಳಿಕೆ

ಮೈಕ್ರೋಸ್ಕೋಪು ಅವರೇ, ದಾರಿ ಬದಲಿಸಿದವರ ಸಾಲಿನಲ್ಲಿ ನಮ್ಮ ದೇವತೆಯೇ ಇದ್ದಾಳೆ. ವರ್ಜೀನಿಯಾ ಆಪ್ಗರ್. ಸರ್ಜರಿ ಕಲಿತವರು. ಹೆಂಗಸು ಸರ್ಜನ್ ಆಗಿ ಬದುಕುವುದು ಕಷ್ಟ, ಅನಸ್ತೇಶಿಯಾಗೆ ಹೋಗು ಅಂತ ಅವರ ವಿಭಾಗದ ಮುಖ್ಯಸ್ಥರೇ ತಿರುಗಿಸಿ ಕಳಿಸಿದರು. ಅದು ಅನ್ಯಾಯವೇ. ಆದರೆ ಆ ತಿರುವಿನಿಂದಲೇ ಅವರು ಹೆರಿಗೆ ಕೋಣೆಗೆ ಬಂದರು, ಆಗತಾನೇ ಹುಟ್ಟಿದ ಮಗುವಿಗೆ ಅಂಕ ಕೊಡುವ ಪದ್ಧತಿಯನ್ನು 1952ರಲ್ಲಿ ಮುಂದಿಟ್ಟರು. ಬಣ್ಣ, ನಾಡಿ, ಮುಖ ಹಿಂಡುವುದು, ಕೈಕಾಲು ಆಡಿಸುವುದು, ಉಸಿರು. ಒಂದೊಂದಕ್ಕೆ 0, 1 ಅಥವಾ 2. ಹುಟ್ಟಿದ ಒಂದು ನಿಮಿಷಕ್ಕೆ ಒಮ್ಮೆ, ಐದು ನಿಮಿಷಕ್ಕೆ ಒಮ್ಮೆ.

ಅವರ ಹೊರಗಿನ ಬದುಕು ಗೊತ್ತಾ? ಪಿಟೀಲಿನ ಜಾತಿಯ ವಾದ್ಯಗಳನ್ನು ತಾವೇ ಮರದಿಂದ ಮಾಡುತ್ತಿದ್ದರು. ಆಸ್ಪತ್ರೆಯ ಫೋನ್ ಬೂತಿನಲ್ಲಿದ್ದ ಮೇಪಲ್ ಮರದ ಹಲಗೆ ಮೇಲೆ ಅವರಿಗೂ ಗೆಳತಿಗೂ ಕಣ್ಣು ಬಿತ್ತು. ವಾದ್ಯದ ಬೆನ್ನಿಗೆ ಹೇಳಿ ಮಾಡಿಸಿದ ಹಾಗಿತ್ತು. ಆಸ್ಪತ್ರೆಯವರು ಕೊಡಲಿಲ್ಲ. ಒಂದು ರಾತ್ರಿ ಅದೇ ಬಣ್ಣ ಬಳಿದ ಬೇರೆ ಹಲಗೆ ತಂದು ಅದಲುಬದಲು ಮಾಡಿದರು! ತಂದ ಹಲಗೆ ಸ್ವಲ್ಪ ಉದ್ದ ಆಯಿತು. ಗೆಳತಿ ಹೆಂಗಸರ ಶೌಚಾಲಯದೊಳಗೆ ಕೂತು ಗರಗಸದಲ್ಲಿ ಕೊಯ್ದಳು, ಆಪ್ಗರ್ ಹೊರಗೆ ಕಾವಲು.

ರಾತ್ರಿಪಾಳಿ

ಇದು ಗೊತ್ತಿರಲಿಲ್ಲ. ನಕ್ಕು ನಕ್ಕು ಸಾಕಾಯಿತು. ಯಾಕೆಂದರೆ ನಾನೂ ಮರಗೆಲಸದವನೇ, ಎರಡು ವರ್ಷದಿಂದ.

ಶುರುವಾದದ್ದು ಹೀಗೆ. ಆ ಫೋನ್ ಹುಚ್ಚು ಹೆಚ್ಚಾದಾಗ ಸೀನಿಯರ್ ಒಬ್ಬರು "ಎರಡೂ ಕೈ ಬೇಕಾಗುವ ಕೆಲಸ ಏನಾದ್ರೂ ಹಿಡಿ" ಅಂದರು. ಉಪದೇಶ ಅಂತ ಅಷ್ಟೇ. ಗರಗಸ, ಉಳಿ, ಮೂಲೆಮಟ್ಟ ತಂದೆ. ಮೊದಲ ಕೆಲಸ ಸ್ಟೂಲು. ನಾಲ್ಕು ಕಾಲು ಕೂಡಿಸಿ ನಿಲ್ಲಿಸಿದೆ, ಅಲ್ಲಾಡಿತು. ಉದ್ದ ಇದ್ದ ಕಾಲು ಕೊಯ್ದೆ. ಈಗ ಅದು ಗಿಡ್ಡ ಆಯಿತು, ಉಳಿದ ಮೂರು ಕೊಯ್ದೆ. ಮತ್ತೆ ಅಲ್ಲಾಡಿತು. ಭಾನುವಾರ ಪೂರ್ತಿ ಹೀಗೇ. ಸಂಜೆ ಹೊತ್ತಿಗೆ ಸ್ಟೂಲು ಒಂದು ಗೇಣು ಎತ್ತರ ಉಳಿದಿತ್ತು. ಮಗಳು ಗೊಂಬೆಗೆ ಕುರ್ಚಿ ಅಂತ ಎತ್ತಿಕೊಂಡು ಹೋದಳು. ಆಗ ಹೊಳೆಯಿತು, ಬೆಳಗಿನಿಂದ ಫೋನ್ ಎಲ್ಲಿದೆ ಅಂತಲೇ ನೋಡಿರಲಿಲ್ಲ. ತಪ್ಪು ಕೊಯ್ದರೆ ಮರ ಹೋಗುತ್ತದೆ, ಅಷ್ಟೇ. ಮೂರು ಗಂಟೆ ರಾತ್ರಿಯಲ್ಲಿ ಯಾರೂ ಕರೆಯುವುದಿಲ್ಲ.

ಆದರೆ ಒಪ್ಪಿಸಿ ಬಂದ ದಿನ ಮಾತ್ರ ಮರ ಕೈಗೆ ಹತ್ತುತ್ತದೆ. ಅವಸರದಲ್ಲಿ ಬಿಟ್ಟು ಬಂದ ದಿನ ಉಳಿ ಹಿಡಿದರೂ ತಲೆ ವಾರ್ಡಿನಲ್ಲೇ. ಹಾಗಾಗಿ ಹವ್ಯಾಸ ಹುಡುಕಿ ಅಂತ ಯಾರಿಗೂ ಹೇಳುವುದಿಲ್ಲ ನಾನು. ಮೊದಲು ಹೊರಡುವ ಮುಂಚಿನ ಇಪ್ಪತ್ತು ನಿಮಿಷ ಸರಿ ಮಾಡಿಕೊಳ್ಳಿ. ಕತ್ತರಿ ಸರ್, ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಸೋರುವುದು ಅಲ್ಲೇ. ಅದಕ್ಕೇ ಕೇಸ್ ಬರೆಯುವುದನ್ನು ಕಲಿಸಿದ ಹಾಗೆ ಒಪ್ಪಿಸುವುದನ್ನೂ ಮಂಚದ ಪಕ್ಕ ನಿಲ್ಲಿಸಿ ಕಲಿಸಬೇಕು.

ಪೂರ್ತಿ ಹೊರಗೆ ಬಂದಿದ್ದೇನೆ ಅಂತಲ್ಲ. ರಾತ್ರಿ ಮಗಳಿಗೆ ಹೊದಿಸುವಾಗ ಈಗಲೂ ಹೊದಿಕೆ ಏರಿಳಿಯುವುದನ್ನು ಎಣಿಸುತ್ತೇನೆ. ಅವಳಿಗೆ ಜ್ವರವೂ ಇರುವುದಿಲ್ಲ, ಏನೂ ಇರುವುದಿಲ್ಲ. ಹೆಂಡತಿ "ಎಷ್ಟು?" ಅಂತ ಕೇಳುತ್ತಾಳೆ. "ಇಪ್ಪತ್ತು" ಅನ್ನುತ್ತೇನೆ. "ನಿಜವಾಗ್ಲೂ ಎಣಿಸಿದ್ರಾ?" ಅನ್ನುತ್ತಾಳೆ.

ಕತ್ತರಿ

ಕಲಿಸಬೇಕು ಅನ್ನುವುದು ಒಪ್ಪಿದೆ. ಗಂಟೆ ಲೆಕ್ಕದ ಬಗ್ಗೆ ಇನ್ನೊಮ್ಮೆ ಜಗಳ ಆಡೋಣ. ನಾಳೆ ಬೆಳಿಗ್ಗೆ ಏಳಕ್ಕೆ ಆಪರೇಷನ್ ಇದೆ.

ಮೈಕ್ರೋಸ್ಕೋಪು ಮೇಡಂ, ನಿಮ್ಮ ಫೋನಿಗೆ ಕಾಯುವುದು ನಿಜ.

ಹೊಸ ಇಂಟರ್ನ್

ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಹೊರಡುವ ಮುಂಚೆ ಒಬ್ಬರ ಉಸಿರು ಪೂರ್ತಿ ಒಂದು ನಿಮಿಷ ಎಣಿಸಿದೆ, ನಾಡಿ ಹಿಡಿದ ಹಾಗೆ ಮಾಡಿ. 28 ಬಂತು. ಬೆಳಿಗ್ಗೆ 18 ಅಂತ ಬರೆದಿತ್ತು. ಬರೆದವಳು ನಾನೇ. ಸೀನಿಯರ್‌ಗೆ ಹೇಳಿದೆ, ಬಂದು ನೋಡಿದರು, ಎರಡು ಪರೀಕ್ಷೆಗೆ ರಕ್ತ ಕಳಿಸಿದರು.

ವಾರ್ಡ್ ಸಿಸ್ಟರ್

ಭೇಷ್ ಕಣಮ್ಮಾ. ಆಮೇಲೆ ಹೋಗುವಾಗ ಯಾರಿಗೆ ಹೇಳಿ ಹೋದೆ?

ಹೊಸ ಇಂಟರ್ನ್

ರಾತ್ರಿ ಡ್ಯೂಟಿಯವರಿಗೆ ಸಿಸ್ಟರ್, ಮಂಚದ ಹತ್ತಿರವೇ ಕರೆದುಕೊಂಡು ಹೋಗಿ. ವಾಪಸ್ ಹೇಳಿ ಅಂದೆ. "ನಾನೇನು ಸ್ಕೂಲ್ ಹುಡುಗನಾ?" ಅಂತ ಸಿಡುಕಿದರು. ಆದರೂ ಹೇಳಿಸಿದೆ. ಎರಡನೇ ರಿಪೋರ್ಟ್ ಮರೆತಿದ್ದರು.